32ಕ್ಕೆ ಮೊದಲು 31



ಸತ್ಯದಿಂದಲೇ ಬಿಡುಗಡೆ ಎಂಬ ಯೇಸುವಿನ ಮಾತು ನಮಗೆಲ್ಲ ಬಾಯಿಪಾಠ. ಅದು ಯೊವಾನ್ನನ ಶುಭಸಂದೇಶದ 8ನೇ ಅಧ್ಯಾಯ, 32ನೇ ವಚನ. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಹಿಂದಿನ 31. ತನ್ನ ವಾಕ್ಯದಲ್ಲಿ ನೆಲೆನಿಂತರೆ ಮಾತ್ರ ಶಿಷ್ಯರು ಎಂದು ಅವರು ಹೇಳಿದ್ದು, ಆಗಲೇ ತಮ್ಮನ್ನು ನಂಬಿದ್ದವರಿಗೆ! ಕೇಳಿದವರ ಉತ್ತರ? ತಾವು ಅಬ್ರಹಾಮನ ವಂಶದವರು, ಯಾರಿಗೂ ದಾಸರಾಗಿದ್ದೇ ಇಲ್ಲವಂತೆ. (ಈಜಿಪ್ಟ್, ಬ್ಯಾಬಿಲೋನ್ ಎಲ್ಲ ಮರೆತೇಹೋಯಿತು; ನಾಡನ್ನು ಆಳುತ್ತಿದ್ದ ರೋಮನರೂ ಕಾಣಲಿಲ್ಲ.)

ನನ್ನ ಮಾವನದ್ದೂ ಅದೇ ಮಾತಾಗಿತ್ತು: "ಕುಡಿತ ಬೇಕಾದಾಗ ಬಿಡ್ತೇನೆ, ನಾನೇನು ಅದರ ಗುಲಾಮನಾ?" ಧ್ಯಾನಕೂಟದಲ್ಲಿ ಅತ್ತು ಬಂದರು, ವಾರದಲ್ಲೇ ಮತ್ತೆ ಕುಡಿದರು. ಅದು ಬಿಟ್ಟದ್ದು ಆಮೇಲೆ, ನಿಧಾನವಾಗಿ. ಈಗಲೂ ಸಂಜೆ ಜಪಮಾಲೆ ಮುಗಿದ ಮೇಲೆ ಒಂದು ಅಧ್ಯಾಯ ಓದುತ್ತಾರೆ. ಸಂಬಳದ ದಿನ ಎರಡು.