ಭೀಮನ ಗದೆ

ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಹೋದ ಬೇಸಿಗೆಯಲ್ಲಿ ನಾನು ಬಸ್ಸು ಹತ್ತಿದ್ದು ನನ್ನ ವಿದ್ಯಾರ್ಥಿಯೊಬ್ಬನನ್ನು ಕರೆತರಲು. ವೃತ್ತಿನಿರತ ನಾಟಕ ತಂಡವೊಂದರಲ್ಲಿ ರಂಗಪರಿಕರ ಮಾಡುವ ಕೆಲಸ ಕಲಿಯಲು ಸೇರಿದ್ದ. ‘ಓದೋದು ಬಿಟ್ಟು ಗದೆ ಮಾಡ್ಕೊಂಡು ಕೂತವ್ನೆ, ಬುದ್ಧಿ ಹೇಳಿ ಮೇಷ್ಟ್ರೇ’ ಎಂದಿದ್ದರು ಅವರಪ್ಪ.

ಹುಣಸೂರು ರಸ್ತೆಯಲ್ಲೇ ಕಲಾಮಂದಿರ ಸಿಗುತ್ತದೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ಇರುವುದು ಆ ಆವರಣದಲ್ಲೇ. 2010ರಲ್ಲಿ ಇಲ್ಲಿ ರಾತ್ರಿಯಿಡೀ ನಡೆದ ‘ಮಲೆಗಳಲ್ಲಿ ಮದುಮಗಳು’ ನಾಟಕವನ್ನು ಮರೆಯುವುದುಂಟೇ!

ಹುಡುಗನಿದ್ದ ಶೆಡ್ಡು ಅಲ್ಲಿಂದ ನಾಲ್ಕು ಬೀದಿ ಆಚೆ. ಬಿದಿರ ದಬ್ಬೆಯ ಹಂದರಕ್ಕೆ ಹಳೆಯ ಪತ್ರಿಕೆ ಅಂಟಿಸುತ್ತಿದ್ದ. ಮೈದಾ ಅಂಟಿಗೆ ಹುಳು ಬೀಳದಂತೆ ಚಿಟಿಕೆ ಮೈಲುತುತ್ತ.

‘ಮೊದಲನೇ ಗದೆ ತಾಲೀಮಿನಲ್ಲೇ ಕುಸೀತು ಸಾರ್. ಹೊರಗೆ ಒಣಗಿತ್ತು, ಒಳಗೆ ಹಸಿ. ಈಗ ಎರಡೆರಡೇ ಪದರ ಅಂಟಿಸಿ ಒಣಗಿಸ್ತೀನಿ.’

ಆವಿಯಾಗುವಿಕೆಯ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ಬಿಟ್ಟು ಬಂದವನು ಇವನೇ!

ಗದೆ ಎತ್ತಿ ನೋಡಿದೆ. ಒಂದು ಕಿಲೋ ಕೂಡ ಇರಲಿಲ್ಲ. ಭಾರವಾದರೆ ಕುಣಿಯುವ ನಟನ ತೋಳು ಸೋಲುತ್ತದಂತೆ. ಅದನ್ನು ಭಾರವೆಂದು ತೋರಿಸುವುದು ನಟನ ಕೆಲಸವಂತೆ.

ಸಂಜೆಯ ಬಸ್ಸಿಗೆ ನಾನೊಬ್ಬನೇ ಹತ್ತಿದೆ. ಜೇಬಿನಲ್ಲಿ ಅವನ ಅಪ್ಪ ಅಮ್ಮನಿಗೆಂದು ಎರಡು ಟಿಕೆಟ್ಟುಗಳಿದ್ದವು.