ಕರಗಿದ ತಂತಿ

ಅಫಜಲಪುರ ತಾಲೂಕಿನ ಕರಜಗಿಯಲ್ಲಿ ಬೇಸಗೆಯ ಮಧ್ಯಾಹ್ನವೆಂದರೆ ಊರಿಗೆ ಊರೇ ಬಾಗಿಲು ಮುಚ್ಚಿಕೊಂಡು ಮಲಗುವ ಹೊತ್ತು. ತೊಗರಿ ಜೋಳಗಳ ರಾಶಿ ಮುಗಿದು, ಕಪ್ಪು ನೆಲ ಬಾಯಿ ಬಿಟ್ಟುಕೊಂಡು ಮಳೆಯ ದಾರಿ ಕಾಯುತ್ತಿರುತ್ತದೆ. 2019ರ ಮೇ ತಿಂಗಳಿನ ಅಂತಹದೊಂದು ಮಧ್ಯಾಹ್ನ, ಒಂಬತ್ತನೆಯ ತರಗತಿಗೆ ಕಾಲಿಡಲಿದ್ದ ಹುಡುಗನೊಬ್ಬ ತಲೆಗೆ ಟವೆಲು ಸುತ್ತಿಕೊಂಡು, ಕಂಕುಳಲ್ಲಿ ಗಂಟೊಂದನ್ನು ಅವುಚಿಕೊಂಡು, ರೇಡಿಯೋ ರಿಪೇರಿ ಮಾಡುವ ಮುದುಕನ ಅಂಗಡಿಗೆ ಬಂದನು.

ಗಂಟಿನಲ್ಲಿದ್ದುದು ಬೂದುಬಣ್ಣದ ಒಂದು ಪೆಟ್ಟಿಗೆ. ಟಿವಿಗೆ ಜೋಡಿಸಿ ಆಡುವ ವಿಡಿಯೋ ಆಟದ ಯಂತ್ರವದು. ಜಪಾನಿನ ನಿಂಟೆಂಡೊ ಕಂಪನಿ 1990ರಲ್ಲಿ ಹೊರತಂದ ಸೂಪರ್ ಫ್ಯಾಮಿಕಾಮ್. 1889ರಲ್ಲಿ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ಮಾಡಿ ಮಾರಲು ಹುಟ್ಟಿದ ಕಂಪನಿ ಇದು. ನೂರು ವರ್ಷಗಳಲ್ಲಿ ಎಲೆಯ ಜೊತೆಗೆ ಯಂತ್ರ ಬಂದರೂ ಜನರನ್ನು ಆಡಿಸುವ ಕಸುಬು ಮಾತ್ರ ತಪ್ಪಲಿಲ್ಲ. ಹುಡುಗನ ಅಣ್ಣ ಬೆಂಗಳೂರಿನಲ್ಲಿ ಓದುತ್ತಿದ್ದಾಗ, ಹಳೆಯ ಸಾಮಾನಿನ ಸಂತೆಯಲ್ಲಿ, ಊಟದ ದುಡ್ಡು ಉಳಿಸಿ ಅದನ್ನು ಕೊಂಡಿದ್ದನು. ಯುಗಾದಿಗೆ ಬಂದವನು ಪೆಟ್ಟಿಗೆಯನ್ನು ಟ್ರಂಕಿನಲ್ಲಿಟ್ಟು, ಅದಕ್ಕೆ ವಿದ್ಯುತ್ತು ಒದಗಿಸುವ ಅಡಾಪ್ಟರನ್ನು ತನ್ನೊಡನೆಯೇ ಒಯ್ದಿದ್ದನು. ತಮ್ಮನ ಕೈಯ ಮೇಲೆ ಅವನಿಗಿದ್ದ ನಂಬಿಕೆ ಅಷ್ಟರಮಟ್ಟಿಗಿನದು.

"ಏನಾಗ್ಯಾದೋ ತಮ್ಮಾ?" ಎಂದು ಮುದುಕ ಕೇಳಿದನು.

"ಏನೂ ಮಾಡಿಲ್ಲ ಮುತ್ಯಾ. ತಾನೇ ಬಂದ್ ಆಗ್ಯಾದ."

ಮುದುಕ ಮರುಮಾತಾಡಲಿಲ್ಲ. ಪೆಟ್ಟಿಗೆಯನ್ನು ಮಗುಚಿ ನೋಡಿದನು. ಅದರ ತಿರುಪುಗಳು ಆಳವಾದ ತೂತುಗಳಲ್ಲಿ ಕುಳಿತಿದ್ದವು. ಅವುಗಳ ತಲೆಯ ಮೇಲೆ ನಮ್ಮ ತಿರುಪುಳಿ ಹಿಡಿಯುವಂತಹ ಸೀಳೂ ಇರಲಿಲ್ಲ, ಅಡ್ಡಗೆರೆಯೂ ಇರಲಿಲ್ಲ. ಕಂಡಕಂಡವರು ಬಿಚ್ಚದಿರಲೆಂದೇ ಮಾಡಿದ ಏರ್ಪಾಡು. ಮುದುಕನು ಖಾಲಿಯಾದ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯನ್ನು ದೀಪದ ಮೇಲೆ ಮೆತ್ತಗಾಗಿಸಿ, ತಿರುಪಿನ ತಲೆಗೆ ಒತ್ತಿ ಹಿಡಿದು, ಆರುವ ತನಕ ಕಾದನು. ಕೊಳವೆಯ ತುದಿ ತಿರುಪಿನ ಆಕಾರವನ್ನೇ ತಳೆಯಿತು. ಅದನ್ನೇ ತಿರುಪುಳಿ ಮಾಡಿಕೊಂಡು ಒಂದೊಂದಾಗಿ ಬಿಚ್ಚಿದನು.

ವಿದ್ಯುತ್ತಿನ ಪಿನ್ನು ಒಳಹೊಗುವ ಬಾಯಿಯ ಪಕ್ಕದಲ್ಲಿಯೇ, ಹಲಗೆಗೆ ಬೆಸುಗೆ ಹಾಕಿದ ಕಿರಿದಾದೊಂದು ವಸ್ತುವಿತ್ತು. ಜೋಳದ ಕಾಳಿಗಿಂತ ತುಸು ಉದ್ದ. ಅದರ ಬಳಿ ಎಫ್ 1 ಎಂದು ಅಚ್ಚಾಗಿತ್ತು. ಮುದುಕ ಮೀಟರಿನ ಎರಡು ಮೊನೆಗಳನ್ನು ಅದರ ಎರಡು ತುದಿಗಳಿಗೆ ತಾಕಿಸಿದನು. ತಂತಿ ಕೂಡಿಕೊಂಡಿದ್ದರೆ ಕೀ ಎನ್ನಬೇಕಾದ ಮೀಟರು ಸುಮ್ಮನಿತ್ತು.

"ಫ್ಯೂಸ್ ಹೋಗ್ಯಾದ. ಒಂದೂವರೆ ಆಂಪಿಯರಿಂದು."

ಹುಡುಗನ ಮುಖ ಅರಳಿತು. "ಅಷ್ಟೇನಾ ಮುತ್ಯಾ? ಹಂಗಾದ್ರ ಒಂದು ತಂತಿ ಹಚ್ಚಿಬಿಡ್ರಿ. ನಮ್ಮ ಮನ್ಯಾಗ ಫ್ಯೂಸ್ ಹೋದ್ರ ಹಂಗೇ ಮಾಡ್ತಾರ."

ಅವನು ಹೇಳಿದ್ದು ಸುಳ್ಳಲ್ಲ. ಮೀಟರಿನ ಹಲಗೆಯ ಮೇಲಣ ಪಿಂಗಾಣಿಯ ಫ್ಯೂಸು ಹೋದಾಗ, ಅದಕ್ಕೆಂದೇ ಇರುವ ಎಳೆತಂತಿಯನ್ನು ಹುಡುಕುವ ತಾಳ್ಮೆ ಎಷ್ಟು ಮನೆಗಳಲ್ಲಿದೆ? ಕೈಗೆ ಸಿಕ್ಕಿದ ತಾಮ್ರದ ತಂತಿಯನ್ನು ನಾಲ್ಕು ಸುತ್ತು ಸುತ್ತಿದರಾಯಿತು, ದೀಪ ಹತ್ತುತ್ತದೆ. ದೀಪ ಹತ್ತಿತೆಂದರೆ ರಿಪೇರಿ ಆಯಿತೆಂದೇ ನಮ್ಮ ಲೆಕ್ಕ. ಆದರೆ ಫ್ಯೂಸಿನ ತಂತಿಯನ್ನು ತೆಳ್ಳಗೆ ಮಾಡಿರುವುದು ತಾಮ್ರ ಉಳಿಸುವುದಕ್ಕಾಗಿ ಅಲ್ಲ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಶಾಖ ಹುಟ್ಟುತ್ತದೆ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಇಂಗ್ಲೆಂಡಿನ ಜೇಮ್ಸ್ ಜೌಲ್ 1840ರ ಸುಮಾರಿಗೆ ಈ ಲೆಕ್ಕವನ್ನು ಕಂಡುಹಿಡಿದನು. ಅಳತೆ ಮೀರಿದ ಪ್ರವಾಹ ಬಂದಾಗ ಇಡೀ ದಾರಿಯಲ್ಲಿ ಯಾವುದಾದರೊಂದು ಜಾಗ ಕರಗಲೇಬೇಕಾದರೆ, ಅದು ಗೋಡೆಯೊಳಗಿನ ತಂತಿಯಾಗದಿರಲಿ, ಬೆಲೆಬಾಳುವ ಯಂತ್ರವಾಗದಿರಲಿ, ನಾಲ್ಕಾಣೆಯ ಎಳೆಯಾಗಲಿ ಎಂಬುದೇ ಫ್ಯೂಸಿನ ಉಪಾಯ. ವಿದ್ಯುದ್ದೀಪದಿಂದ ಹೆಸರಾದ ಎಡಿಸನ್ 1890ರಲ್ಲಿ ಇದಕ್ಕೆ ಪೇಟೆಂಟು ಪಡೆದಿದ್ದನು. ದಪ್ಪ ತಂತಿ ಸುತ್ತಿದ ಫ್ಯೂಸು, ಕಳ್ಳ ಬಂದರೂ ಬೊಗಳದಂತೆ ಬಾಯಿ ಕಟ್ಟಿದ ನಾಯಿಯ ಹಾಗೆ.

ಮುದುಕ ಮೀಟರನ್ನು ಕೆಳಗಿಟ್ಟನು. "ತಂತಿ ಹಚ್ಚೂದು ಒಂದು ನಿಮಿಷದ ಕೆಲಸ. ಆದ್ರ ಇದು ಯಾಕ ಹೋತು ಅಂಬೂದು ತಿಳೀಬೇಕಲ್ಲ? ಹೊಸದು ಹಾಕಿದ್ರ ಅದೂ ಹೋಗತದ. ತಂತಿ ಹಾಕಿದ್ರ ಪೆಟ್ಟಿಗೀನೇ ಹೋಗತದ."

ಹುಡುಗ ನೆಲ ನೋಡತೊಡಗಿದನು. ಮುದುಕ ಗದರಿಸಲಿಲ್ಲ. ಗಡಿಗೆಯಿಂದ ನೀರು ತೆಗೆದುಕೊಟ್ಟು, ತನ್ನ ಪಾಡಿಗೆ ಹೇಳತೊಡಗಿದನು. ಅವನು ಹೊಸದಾಗಿ ಕೆಲಸ ಕಲಿತಿದ್ದ ಕಾಲ. ಪಕ್ಕದ ಓಣಿಯ ಒಂದು ಮನೆಯಲ್ಲಿ ಮದುವೆ. ರಾತ್ರಿ ಮೂರು ಸಲ ಫ್ಯೂಸು ಹೋಯಿತು. ನಾಲ್ಕನೆಯ ಸಲ ಇವನು ಬೇಸತ್ತು ದಪ್ಪ ತಂತಿ ಬಿಗಿದನು. ಬೆಳಗಿನ ಜಾವ ದನದ ಕೊಟ್ಟಿಗೆಯಲ್ಲಿ ಒಟ್ಟಿದ್ದ ಕಣಿಕೆಗೆ ಬೆಂಕಿ ಹತ್ತಿತು. ಎತ್ತುಗಳ ಹಗ್ಗ ಕೊಯ್ದು ಬಿಟ್ಟರು. ಒಂದು ಆಕಳು ಉಳಿಯಲಿಲ್ಲ. ಒಲೆಯ ಕೆಂಡ ಸರಿಯಾಗಿ ಆರಿಸಲಿಲ್ಲವೆಂದು ಎಲ್ಲರೂ ಆ ಮನೆಯ ಹಿರಿಯ ಸೊಸೆಯನ್ನು ಬೈದರು. ಕೊಟ್ಟಿಗೆಯ ಜಂತಿಯ ಮೇಲೆ ಹಾಯ್ದ ಹಳೆಯ ತಂತಿ ಸುಟ್ಟು ಕರಕಾಗಿದ್ದುದನ್ನು ಕಂಡವನು ಇವನೊಬ್ಬನೇ.

"ನೀವು ಹೇಳಲಿಲ್ಲೇನ್ರಿ ಮುತ್ಯಾ?"

"ಇವತ್ತು ಹೇಳ್ತೀನಿ, ನಾಳಿ ಹೇಳ್ತೀನಿ ಅಂತ ಇದ್ದೆ. ಆಕಿ ತೀರಿಕೊಂಡ್ಳು."

ಅಂಗಡಿಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಹುಡುಗ, ಅಜ್ಜಿಯ ಟೇಪ್ ರೆಕಾರ್ಡರಿನ ಎಲಿಮಿನೇಟರನ್ನು ಪೆಟ್ಟಿಗೆಗೆ ಚುಚ್ಚಿದ್ದನ್ನು ಹೇಳಿದನು. ಪಿನ್ನು ಸರಿಯಾಗಿ ಕೂತಿತು, ಒಂಬತ್ತು ವೋಲ್ಟು ಎಂದೂ ಬರೆದಿತ್ತು. ಗುಂಡಿ ಒತ್ತಿದ ಕೂಡಲೇ ಎಲ್ಲ ಮುಗಿದುಹೋಯಿತು.

ಮುದುಕನಿಗೆ ಈಗ ದಾರಿ ಕಂಡಿತು. ಎಲಿಮಿನೇಟರನ್ನು ತರಿಸಿ ಮೀಟರಿಗೆ ಹಿಡಿದನು. ಅದರ ಪಿನ್ನಿನ ನಡುವೆ ಧನ, ಸುತ್ತಲೂ ಋಣ. ಈ ಜಪಾನಿ ಪೆಟ್ಟಿಗೆ ಕೇಳುವುದೋ ಅದರ ತಿರುಗುಮುರುಗು. ನಡುವೆ ಋಣ, ಸುತ್ತಲೂ ಧನ. ವೋಲ್ಟು ಹೊಂದಿದರೂ ದಿಕ್ಕು ತಪ್ಪಿತ್ತು. ತಪ್ಪು ದಿಕ್ಕಿನಿಂದ ಪ್ರವಾಹ ನುಗ್ಗಿದಾಗ ಎಫ್ 1 ಕರಗಿ ದಾರಿ ಮುರಿದಿತ್ತು. ಅದರ ಆಚೆಗಿದ್ದುದೆಲ್ಲವೂ, ನೋಡಿದಮಟ್ಟಿಗೆ, ನೆಟ್ಟಗಿದ್ದಿತು.

ಆ ಅಳತೆಯ ಫ್ಯೂಸು ಕರಜಗಿಯಲ್ಲಿ ಸಿಗುವಂತಹದಲ್ಲ. ಕಲಬುರಗಿಗೆ ಹೋಗುವವರೊಬ್ಬರ ಕೈಯಲ್ಲಿ ಹೇಳಿಕಳುಹಿಸಿ ತರಿಸಲು ಮೂರು ದಿನ ಹಿಡಿಯಿತು. ಎರಡನೆಯ ದಿನ ರಾತ್ರಿ ಹುಡುಗ ಅಣ್ಣನಿಗೆ ಫೋನು ಮಾಡಿದನು. ಅಣ್ಣ ಬೈದನು; ಒಂದು ಗಳಿಗೆ ಸುಮ್ಮನಿದ್ದು, "ಬ್ಯಾರೆ ಏನೂ ಸುಟ್ಟಿಲ್ಲ ಹೌದಿಲ್ಲೋ?" ಎಂದು ಕೇಳಿದನು.

ಮೂರನೆಯ ದಿನ ಮುದುಕ ಹಳೆಯ ಬೆಸುಗೆಯನ್ನು ಬಿಸಿಮಾಡಿ ಹೀರಿ ತೆಗೆದು, ಒಂದೂವರೆ ಆಂಪಿಯರಿನ ಹೊಸ ಫ್ಯೂಸನ್ನು ಕೂರಿಸಿದನು. ಮೀಟರು ಕೀ ಎಂದಿತು. ಎಲಿಮಿನೇಟರಿನ ಬದಿಯಲ್ಲಿದ್ದ ಧನ-ಋಣಗಳ ಚಿಕ್ಕ ಸ್ವಿಚ್ಚನ್ನು ಹುಡುಗನ ಕೈಯಿಂದಲೇ ಆಚೆಗೆ ಸರಿಸಿ, ಮತ್ತೊಮ್ಮೆ ಅಳೆದು ನೋಡಿ, ಪಿನ್ನು ಚುಚ್ಚಿಸಿದನು. ಪೆಟ್ಟಿಗೆಯ ಮೇಲಣ ಕೆಂಪು ದೀಪ ಹತ್ತಿತು. ಕರಗಿದ ಹಳೆಯ ಫ್ಯೂಸನ್ನು ಹುಡುಗ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡನು.

ಮನೆಗೆ ಬಂದಾಗ ಅಜ್ಜಿ ಟೇಪ್ ರೆಕಾರ್ಡರಿನ ಮುಂದೆ ಕುಳಿತಿದ್ದಳು. "ಮೂರು ದಿನ ಆತು, ನನ್ನ ಎಲಿಮಿನೇಟರ್ ಎಲ್ಲಿ ಒಯ್ದಿಯೋ?" ಎಂದಳು. ಹುಡುಗ ಅದನ್ನು ಕೊಡಲು ಹೋದವನು ಕೈ ಹಿಂದಕ್ಕೆ ತೆಗೆದು, ಬೆಳಕಿಗೆ ಹಿಡಿದು, ಬದಿಯ ಸ್ವಿಚ್ಚನ್ನು ಉಗುರಿನಿಂದ ಮೊದಲಿದ್ದ ಕಡೆಗೆ ಸರಿಸಿದನು.