ಪ್ರೌಢಶಾಲೆಯಿಂದ ಕಾಲೇಜಿಗೆ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದ ಬಾಲಕಬಾಲಿಕೆಯರು ಪದವಿಪೂರ್ವ ಕಾಲೇಜಿನ ವಿಜ್ಞಾನ ವಿಭಾಗವನ್ನು ಸೇರಿದ ಮೂರು ತಿಂಗಳೊಳಗಾಗಿ ಖಿನ್ನರಾಗುವುದನ್ನು ನಾನು ಬಹುಕಾಲದಿಂದ ನೋಡುತ್ತ ಬಂದಿರುವೆನು. ಲೋಕವು ಇದಕ್ಕೆ ಹೇಳುವ ಕಾರಣಗಳು ಎರಡು: ಹುಡುಗರಿಗೆ ಶ್ರದ್ಧೆ ಸಾಲದು, ಇಲ್ಲವೆ ಮೊದಲಿನ ಪರೀಕ್ಷಕರು ಅಂಕಗಳನ್ನು ಧಾರಾಳವಾಗಿ ದಾನಮಾಡಿದರು. ಜೀವಮಾನವೆಲ್ಲ ಪ್ರೌಢಶಾಲೆಯಲ್ಲಿಯೇ ಪಾಠ ಹೇಳಿದ ನನಗೆ ಇವೆರಡರಲ್ಲಿ ಒಂದೂ ಸಮಂಜಸವಾಗಿ ತೋರುವುದಿಲ್ಲ.

ನಮ್ಮ ಬೀದಿಯ ಹುಡುಗಿಯೊಬ್ಬಳು ಆಗಸ್ಟ್ ತಿಂಗಳಲ್ಲಿ ಭೌತಶಾಸ್ತ್ರದ ಪುಸ್ತಕವನ್ನು ಹಿಡಿದುಕೊಂಡು ಬಂದು, "ಮೇಷ್ಟ್ರೇ, ನನಗೆ ಗೊತ್ತಿರುವುದೇ ನನಗೆ ಗೊತ್ತಾಗುತ್ತಿಲ್ಲ" ಎಂದಳು. ಈ ಮಾತಿಗಿಂತ ಸರಿಯಾದ ರೋಗನಿದಾನವನ್ನು ನಾನು ಕೇಳಿಲ್ಲ. ಜವ, ವೇಗ, ವೇಗೋತ್ಕರ್ಷ, ಸಂವೇಗಗಳ ಭೇದವನ್ನು ಅವಳು ನಿಸ್ಸಂದೇಹವಾಗಿ ಅರಿತಿದ್ದಳು, ಲೆಕ್ಕವನ್ನೂ ಮಾಡಬಲ್ಲಳು. ಆದರೆ ಸ್ಪೀಡ್, ವೆಲಾಸಿಟಿ, ಅಕ್ಸೆಲರೇಷನ್, ಮೊಮೆಂಟಮ್ ಎಂದು ಉಪನ್ಯಾಸಕರು ಒಂದೇ ಉಸಿರಿನಲ್ಲಿ ಹೇಳುತ್ತ ಹೋದಾಗ, ಯಾವುದು ಯಾವುದೆಂದು ಗುರುತಿಸುವಷ್ಟರಲ್ಲಿ ಕರಿಹಲಗೆಯು ಒರಸಿ ಹೋಗಿರುತ್ತಿತ್ತು.

ನನಗೆ ಭೌತಶಾಸ್ತ್ರವು ಅಷ್ಟಾಗಿ ತಿಳಿಯದು. ಪಾಠಶಾಲೆಯಲ್ಲಿ ಕಲಿತ ವಿಗ್ರಹವಾಕ್ಯದ ಅಭ್ಯಾಸ ಮಾತ್ರ ಬಲ್ಲೆನು. ಅದನ್ನೇ ಪ್ರಯೋಗಿಸಿ ನೋಡೋಣವೆಂದು ನಿಘಂಟನ್ನು ತೆರೆದೆವು. ‘ಫೋಟೋಸಿಂಥೆಸಿಸ್’ ಎಂಬುದು ಗ್ರೀಕ್ ಮೂಲದ ಸಮಾಸ. ಪೂರ್ವಪದಕ್ಕೆ ಬೆಳಕು, ಉತ್ತರಪದಕ್ಕೆ ಒಟ್ಟುಗೂಡಿಸುವಿಕೆ ಎಂದು ಅರ್ಥ. ಅವಳು ಹೈಸ್ಕೂಲಿನಲ್ಲಿ ಕಲಿತ ‘ದ್ಯುತಿಸಂಶ್ಲೇಷಣೆ’ಯು ಅಕ್ಷರಶಃ ಅದೇ! ‘ಕ್ಲೋರೋಫಿಲ್’ ಎಂಬಲ್ಲಿ ಮೊದಲು ಹಸುರು, ಅನಂತರ ಎಲೆ. ನಮ್ಮ ‘ಪತ್ರಹರಿತ್ತು’ ಎಂಬಲ್ಲಿ ಮೊದಲು ಎಲೆ, ಅನಂತರ ಹಸುರು. ಪದಗಳು ಸ್ಥಾನ ಬದಲಿಸಿವೆ, ಅಷ್ಟೆ. ಹುಡುಗಿಯ ಮುಖವು ಅರಳಿತು. ಎಲ್ಲ ಪದಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲವೆಂಬುದು ನಿಜ. ‘ಮೋಲ್’ ಎಂಬ ಮೊಂಡುಪದವನ್ನು ನಾವು ಹಾಗೆಯೇ ಬಾಯಿಪಾಠ ಮಾಡಬೇಕಾಯಿತು. ಆದರೂ ತಾನು ಕಲಿತದ್ದು ವ್ಯರ್ಥವಾಗಲಿಲ್ಲವೆಂಬ ಧೈರ್ಯವು ಆ ವಯಸ್ಸಿನವರಿಗೆ ಸಣ್ಣ ಲಾಭವಲ್ಲ.

ಮೆಟ್ಟಿಲೇರುವ ಕಷ್ಟವು ನಮಗೂ ಇಲ್ಲದಿರಲಿಲ್ಲ. ತರ್ಕಸಂಗ್ರಹವನ್ನು ಕಂಠಪಾಠ ಮಾಡಿ, ಏಳು ಪದಾರ್ಥಗಳೂ ಕರತಲಾಮಲಕವಾದುವೆಂದು ಬೀಗುತ್ತ ಮುಕ್ತಾವಳಿಗೆ ಹೋದ ವಿದ್ಯಾರ್ಥಿಯನ್ನು ನೆನೆಯಿರಿ. ಪದಾರ್ಥಗಳು ಅವೇ ಏಳು. ಆದರೆ ಅಲ್ಲಿ ಲಕ್ಷಣವನ್ನು ಒಪ್ಪಿಸಿದರೆ ಸಾಲದು, ಅತಿವ್ಯಾಪ್ತಿ ಅವ್ಯಾಪ್ತಿಗಳನ್ನು ತಾನೇ ಶಂಕಿಸಿ ತಾನೇ ಪರಿಹರಿಸಬೇಕು. ಕಾಲೇಜಿನ ವಿದ್ಯೆಯೂ ಇದನ್ನೇ ಕೇಳುತ್ತದೆ. ಪ್ರಶ್ನೋತ್ತರಗಳನ್ನು ಬರೆಯಿಸಿ, ಮರುದಿನ ಒಪ್ಪಿಸಿಕೊಂಡು, ಬಾರದವನನ್ನು ಹೆಸರು ಹಿಡಿದು ಕರೆಯುತ್ತಿದ್ದ ಮೇಷ್ಟರು ಅಲ್ಲಿ ಇಲ್ಲ. ಕೇಳಿದುದನ್ನು ತಾನೇ ಸಂಗ್ರಹಿಸಿ ಬರೆದುಕೊಳ್ಳಬೇಕು. ತಿಳಿಯದುದನ್ನು ತಾನೇ ಎದ್ದು ಕೇಳಬೇಕು. ಇದು ಕಠಿಣವಾದರೂ ನ್ಯಾಯವಾದುದೇ. ಆದರೆ ಒಂದು ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ನಮಗೆ ಮೆಟ್ಟಿಲು ಬದಲಾಯಿತೇ ಹೊರತು ಭಾಷೆ ಬದಲಾಗಲಿಲ್ಲ. ಸಂಗ್ರಹವೂ ಸಂಸ್ಕೃತ, ಮುಕ್ತಾವಳಿಯೂ ಸಂಸ್ಕೃತ. ಈ ಮಕ್ಕಳಿಗಾದರೋ ಎರಡೂ ಒಂದೇ ಜೂನ್ ತಿಂಗಳಲ್ಲಿ ಬದಲಾಗುತ್ತವೆ. ಎದ್ದು ಪ್ರಶ್ನೆ ಕೇಳೆಂದರೆ ಯಾವ ನುಡಿಯಲ್ಲಿ ಕೇಳಿಯಾರು? ತಪ್ಪು ಇಂಗ್ಲಿಷಿಗೆ ಹಿಂದಿನ ಬೆಂಚಿನವರು ನಕ್ಕಾರೆಂಬ ಭೀತಿಯಿಂದ ಬಾಯಿ ಮುಚ್ಚಿದವರು ಕ್ರಮೇಣ ದಡ್ಡರೆಂದು ಎಣಿಸಲ್ಪಡುತ್ತಾರೆ. ಎರಡನೆಯ ವರ್ಷದ ಹೊತ್ತಿಗೆ ತಾವೂ ಅದನ್ನು ನಂಬುತ್ತಾರೆ.

ಕನ್ನಡದಲ್ಲಿ ಶಾಸ್ತ್ರವನ್ನು ಹೇಳಲಾಗದೆಂಬ ವಾದವನ್ನು ನಾನು ಒಪ್ಪುವವನಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918 ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಕಾಲೇಜಿನ ವಿಜ್ಞಾನವೂ ಕನ್ನಡದಲ್ಲಿ ನಡೆಯಬೇಕೆಂಬುದು ನನ್ನ ಆಶೆ. ಆದರೆ ಅದು ಕೈಗೂಡುವವರೆಗೆ ಈ ವರ್ಷದ ಹುಡುಗನು ಕಾಯುತ್ತ ಕುಳಿತಿರಲಾರನಷ್ಟೆ. ಇಂಗ್ಲಿಷನ್ನು ಬೈಯುವುದರಿಂದ ಅವನ ಲೆಕ್ಕವು ಬಿಡಿಸಿಕೊಳ್ಳದು.

ಆ ಹುಡುಗಿಯು ಮೂರು ಅಂಕಣಗಳ ಒಂದು ಟಿಪ್ಪಣಿ ಪುಸ್ತಕವನ್ನು ಮಾಡಿಕೊಂಡಳು: ಇಂಗ್ಲಿಷ್ ಪದ, ಹೈಸ್ಕೂಲಿನ ಕನ್ನಡ ಪದ, ತನ್ನ ಮಾತಿನಲ್ಲಿ ಒಂದು ವಾಕ್ಯ. ಮೂರನೆಯ ಅಂಕಣವನ್ನು ತುಂಬುವುದೇ ಅವಳಿಗೆ ಬಹಳ ಪ್ರಯಾಸವಾಗುತ್ತಿತ್ತು. ನನ್ನ ಎಣಿಕೆಯಲ್ಲಿ ಪ್ರಯೋಜನವೂ ಅದರಿಂದಲೇ ಆಯಿತು. ದೀಪಾವಳಿಯ ಹೊತ್ತಿಗೆ ಅವಳು ನನ್ನಲ್ಲಿಗೆ ಬರುವುದು ತಾನಾಗಿ ಕಡಿಮೆಯಾಯಿತು. ಈಗ ಆ ಪುಸ್ತಕವು ಅವಳ ತಮ್ಮನ ಕೈಯಲ್ಲಿದೆ. ನಕಲು ಮಾಡಬೇಡ, ನಿನ್ನದನ್ನು ನೀನೇ ಬರೆದುಕೋ ಎಂದು ಅವನಿಗೆ ಹೇಳಿದ್ದೇನೆ, ಕೇಳುವ ಲಕ್ಷಣವಿಲ್ಲ.

ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಕಾಲೇಜು ತೆರೆಯುವವರೆಗೆ ಈ ಮಕ್ಕಳಿಗೆ ಕೆಲವು ವಾರಗಳ ಬಿಡುವು ದೊರೆಯುತ್ತದೆ. ನಮ್ಮ ಸಂಘದ ಸಭಾಂಗಣವೂ ಆ ಬೇಸಗೆಯ ಬೆಳಗುಗಳಲ್ಲಿ ಬರಿದಾಗಿರುತ್ತದೆ. ವಿಜ್ಞಾನವನ್ನು ಬಲ್ಲ ಸದಸ್ಯರು ಇಬ್ಬರು ಮುಂದೆ ಬಂದರೆ, ಎಂಟರಿಂದ ಹತ್ತು ಗಂಟೆಯವರೆಗೆ ನಿಘಂಟನ್ನು ಹಿಡಿದು ಕುಳಿತುಕೊಳ್ಳಲು ನಾನು ಸಿದ್ಧನಿರುವೆನು. ಬೀಗದ ಕೈಯನ್ನು ಕಾರ್ಯದರ್ಶಿಗಳು ಕೊಡಬೇಕು.